ಸಂಜೀವಿಯ ಕಬ್ಬಿಣದ ಬಳೆ

ಕಾಲು ನೀಡ್ಕೋ. ಕೌದಿ ಮೇಲಕ್ಕೆ ಎಳ್ಕೋ. ಅಂಚು ಬಾಯಿಗೆ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು, ಆ ಕರೀ ಅಂಚಿಗೇ ಒಂದು ಕತೆ ಇದೆ. ಹೇಳ್ತೀನಿ, ಆದ್ರೆ ಹೂಂ ಅಂತಿರಬೇಕು ಮತ್ತೆ. ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನು ಆ ಕಡೆ ತಿರುಗಿ ಮಲಗಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಬಣ್ಣ ಅಂದ್ರೆ ಅಂಗಡೀಲಿ ಪೊಟ್ಟಣ ಕಟ್ಟಿಕೊಡದೆ, ಬೇರನ್ನ ಕಾಯನ್ನ ಬೇಡಿಕೊಂಡು ತಗೋಬೇಕಾಗಿದ್ದ ಕಾಲದಲ್ಲಿ, ಒಂದು ಹೊಳೆ ದಂಡೇಲಿ ಒಂದು ಮನೆ ಇತ್ತಂತೆ. ಅಚ್ಚಿನ ಮನೆ ಅಂತಲೇ ಅದಕ್ಕೆ ಹೆಸರು. ಬಟ್ಟೆ ಮೇಲೆ ಮರದ ಅಚ್ಚು ಒತ್ತೋದು ಮುತ್ತಾತನ ಮುತ್ತಾತನಿಂದ ಬಂದ ಕಸುಬು. ಆ ಮನೆ ಗೋಡೆ ತುಂಬ ಅಚ್ಚುಗಳೇ, ಮಾವಿನಕಾಯಿ ಅಚ್ಚು, ಬಳ್ಳಿ ಅಚ್ಚು, ಗಿಳಿ ಅಚ್ಚು, ಕೆಲವಂತೂ ಹಿಡಿದೂ ಹಿಡಿದೂ ಹಿಡಿಯೇ ಸವೆದು ಹೋಗಿದ್ವಂತೆ. ಮನೆ ಯಜಮಾನಿ ಹೊಂಬಾಳಮ್ಮ. ಗಂಡ ಬೇಗ ತೀರಿಕೊಂಡ, ಮೂರು ಗಂಡುಮಕ್ಕಳನ್ನೂ ಕಸುಬನ್ನೂ ಒಬ್ಬಳೇ ಹೊತ್ತು ನಿಂತ ಹೆಂಗಸು. ಅವಳ ಬಲಗೈ ಕಂಡ್ರೆ ಊರ ಮಕ್ಕಳು ಹೆದರೋರಂತೆ. ಯಾಕೆ ಅಂದ್ರೆ ಮಣಿಕಟ್ಟಿನ ತನಕ ಕಪ್ಪು. ಹುಟ್ಟು ಕಪ್ಪಲ್ಲ, ಬಣ್ಣದ ಕಪ್ಪು. ಎಷ್ಟು ಉಜ್ಜಿದ್ರೂ ಹೋಗದ್ದು.

ಆ ಮನೇಲಿ ಒಂದು ಪದ್ಧತಿ. ಹೊಸದಾಗಿ ಬಂದ ಸೊಸೆ ತನ್ನ ಕೈಯಾರೆ ಒಂದು ಕೆಂಪು ಸೀರೆ ಅಚ್ಚೊತ್ತಿ ಹೊಳೆವ್ವನಿಗೆ ಉಡಿಸಬೇಕು. ಹೊಳೆವ್ವ ಅಂದ್ರೆ ಆ ಹೊಳೇನೇ, ಗುಡಿ ಗಿಡಿ ಏನೂ ಇಲ್ಲ. ಮೇಲೆ ಮಡುವಿನ ಹತ್ರ ಸೊಸೆ ಸೀರೆ ನೀರಿಗೆ ಬಿಡೋದು, ಕೆಳಗೆ ಬಟ್ಟೆ ಒಗೆಯೋ ಬಂಡೆ ಹತ್ರ ಮನೆಯವರೆಲ್ಲ ನಿಂತು ಕಾಯೋದು. ಸೀರೆ ತೇಲಿ ಬಂದು ಬಂಡೆಗೆ ನಿಂತ್ರೆ ಹೊಳೆವ್ವ ಉಟ್ಟು ಕೊಟ್ಟಳು ಅಂತ. ಮೇಲುಮೇಲಿನ ಬಣ್ಣ ತನ್ನ ಪಾಲಿಗೆ ಇಟ್ಕೊಂಡು ಗಟ್ಟಿ ಬಣ್ಣ ಸೊಸೆಗೆ ಕೊಡ್ತಾಳಂತೆ ಆ ತಾಯಿ. ಆಮೇಲೆ ಆ ಸೀರೆ ಉಟ್ಕೊಂಡ ಸೊಸೆ ಆ ಮನೆ ಕೈ ಆದಳು ಅಂತ ಲೆಕ್ಕ. ಸೀರೆ ಬಂಡೆಗೆ ನಿಲ್ಲದೆ ಹೋಗೇ ಬಿಟ್ರೆ, ಹೊಳೆವ್ವ ಬೇಡ ಅಂದಳು. ಮೂರು ಸಲ ನೋಡೋದು. ಮೂರು ಸಲಾನೂ ಬೇಡ ಅಂದ್ರೆ ಆ ಸೊಸೆ ತವರಿಗೆ ವಾಪಸ್ಸು. ಹೊಳೆ ಒಲ್ಲದ ಕೈ ಇಟ್ಕೊಂಡ್ರೆ ಇಡೀ ಮನೆಗೇ ಕೆಂಪು ಹತ್ತಲ್ಲ ಅಂತ ಅವರ ಭಯ.

ದೊಡ್ಡ ಸೊಸೆ ಸೀರೆ ಮೊದಲನೇ ಸಲಕ್ಕೇ ನಿಂತಿತ್ತು, ನಡುವಿನ ಸೊಸೇದು ಎರಡನೇ ಸಲಕ್ಕೆ. ಆಮೇಲೆ ಕಿರೀ ಮಗ ಚೆನ್ನಿಗನಿಗೆ ಹೊಳೆ ಆಚೆ ಊರಿಂದ, ಹೊಲ ಗೇಯೋರ ಮನೆಯಿಂದ ಹೆಣ್ಣು ತಂದರು. ಅವಳೇ ಸಂಜೀವಿ.

ಈ ಸಂಜೀವಿ ಹುಟ್ಟೋಕೆ ಮುಂಚೆ ಅವಳಮ್ಮನಿಗೆ ಎರಡು ಮಕ್ಕಳಾಗಿ ಎರಡೂ ತೊಟ್ಟಿಲಲ್ಲೇ ಹೋಗಿದ್ವು. ಮೂರನೇದಾಗಿ ಇವಳು ಹುಟ್ಟಿದ ಗಳಿಗೇಲೇ ಆ ತಾಯಿ ಹಸೀ ಬಾಣಂತಿ ಎದ್ದು ಕುಲುಮೆಗೆ ಹೋಗಿ, ಒಂದು ಕಬ್ಬಿಣದ ಬಳೆ ಮಾಡಿಸ್ಕೊಂಡು ಬಂದು ಮಗು ಕೈಗೆ ಹಾಕಿದ್ಲಂತೆ. ಕಬ್ಬಿಣ ಕಂಡ್ರೆ ಜವರಾಯ ಹತ್ರ ಬರಲ್ಲ ಅಂತ ನಂಬಿಕೆ. ಬಾಯಿ ಬಿಟ್ಟ ಬಳೆ ಅದು, ಕೈ ಬೆಳೆದಂಗೆಲ್ಲ ಹಿಗ್ಗಿಸಬಹುದು, ತೆಗೀಬೇಕಾಗಿಲ್ಲ. ಜವರಾಯನ ಕಣ್ಣಿಗೆ ಮಾತ್ರ ಕಾಣ್ಲಿ, ಮನುಷ್ಯರ ಕಣ್ಣು ಬೀಳೋದು ಬೇಡ ಅಂತ ಮೇಲೆ ಅರಿಶಿನದ ದಾರ ಸುತ್ತಿದ್ಲು. ನೋಡಿದೋರು ಯಾವುದೋ ಹರಕೆ ದಾರ ಅಂದ್ಕೊಳ್ಳೋರು. ಮದುವೆ ಆಗಿ ಹೊರಟಾಗಲೂ ಆ ತಾಯಿ ಹೇಳಿದ್ದು ಒಂದೇ ಮಾತು. ಮಗಳೇ, ಉಂಡ್ಯಾ ಅಂತ ಕೇಳಲ್ಲ, ಉಟ್ಟ್ಯಾ ಅಂತ ಕೇಳಲ್ಲ, ಆ ಬಳೆ ಮಾತ್ರ ತೆಗೀಬೇಡ, ಯಾರಿಗೂ ಹೇಳ್ಬೇಡ. ಅಷ್ಟು ಹೇಳಿ ಸೆರಗು ಬಾಯಿಗಿಟ್ಕೊಂಡು ಒಳಗೆ ಹೋಗಿಬಿಟ್ಟಳಂತೆ.

ಹೂಂ ಅನ್ನು. ಹಾಂ, ಹಂಗೆ.

ಸಂಜೀವಿ ಅಚ್ಚಿನ ಮನೆಗೆ ಬಂದು ಮೊದಲು ಕಂಡಿದ್ದು ಏನು ಗೊತ್ತಾ? ದೊಡ್ಡ ಓರಗಿತ್ತಿ ಬಿಳೀ ಬಟ್ಟೆ ಹಾಸಿಕೊಂಡು ಢಬ್ ಢಬ್ ಅಂತ ಅಚ್ಚು ಗುದ್ದುತಾ ಇದ್ದಾಳೆ, ಬಟ್ಟೆ ಮೇಲೆ ಏನೂ ಬೀಳ್ತಾ ಇಲ್ಲ! ಇವಳು ಮುಸಿಮುಸಿ ನಕ್ಕಳಂತೆ. ಅಕ್ಕಾ, ಬಣ್ಣ ಅದ್ದೋದು ಮರೆತ್ರಾ ಅಂತ ಕೇಳಿದ್ಲು. ಓರಗಿತ್ತಿ ಆ ಬಟ್ಟೇನ ಹೊಳೇಲಿ ಜಾಲಿಸಿ, ತಾಮ್ರದ ಹಂಡೇಲಿ ಮಂಜಿಷ್ಠಿ ಬೇರಿನ ನೀರು ಕಾಯ್ತಾ ಇತ್ತಲ್ಲ, ಅದರೊಳಗೆ ಇಳಿಸಿ ಕೋಲಲ್ಲಿ ತಿರುವೋಕೆ ಶುರು ಮಾಡಿದ್ಲು. ಬಗ್ಗಿ ನೋಡು ಅಂದ್ಲು. ಸಂಜೀವಿ ಬಗ್ಗಿ ನೋಡ್ತಾಳೆ, ಏನೂ ಇಲ್ಲದ ಬಟ್ಟೆ ಮೇಲೆ ಒಂದು ಹೂ ಎದ್ದು ಬಂತು. ಆಮೇಲೆ ಇನ್ನೊಂದು. ಆಮೇಲೆ ಬಳ್ಳಿ, ಎಲೆ, ಗಿಳಿ, ಗಿಳಿ ಕೊಕ್ಕು, ಎಲ್ಲಾ ಕೆಂಪಗೆ, ಒಳಗಿಂದ ಯಾರೋ ದೀಪ ಹಚ್ಚುತಾ ಬಂದಂಗೆ ಎದ್ದು ಬಂದ್ವಂತೆ. ಸಂಜೀವಿ ಬಾಯಿ ಮೇಲೆ ಕೈ ಇಟ್ಕೊಂಡು ಅಲ್ಲೇ ಕೂತ್ಬಿಟ್ಟಳು. ಅವಳಿಗೆ ಅಳು ಬಂದ್ಬಿಡ್ತು. ಇಷ್ಟು ದೊಡ್ಡ ವಿಚಿತ್ರ ಇವರ ಹಿತ್ತಿಲಲ್ಲಿ ದಿನಾ ನಡೆಯುತ್ತಾ ಅಂತ.

ಹೊಂಬಾಳಮ್ಮ ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ್ಲು. ಈ ಹುಡುಗಿಗೆ ಕಣ್ಣಿದೆ ಅಂತ ಮನಸ್ಸಲ್ಲೇ ಅಂದ್ಕೊಂಡ್ಲು, ಬಾಯಿ ಬಿಟ್ಟು ಹೇಳಲಿಲ್ಲ, ಅತ್ತೆ ಅಲ್ವಾ. ಆಮೇಲೆ ಒಂದೊಂದೇ ಕೆಲಸ ಹೇಳಿಕೊಟ್ಲಂತೆ. ಮೊದಲು ಬಟ್ಟೇನ ಅಳಲೆಕಾಯಿ ನೀರಲ್ಲಿ ನೆನೆಸಬೇಕು, ಅದಿಲ್ಲದೆ ಯಾವ ಬಣ್ಣಾನೂ ಕಚ್ಚಲ್ಲ. ಆಮೇಲೆ ಕೆಂಪು ಬೇಕಾದ ಕಡೆ ಪಟಿಕದ ಗಂಜಿ ಒತ್ತಬೇಕು, ಪಟಿಕ ಅಂದ್ರೆ ಕಲ್ಲುಸಕ್ಕರೆ ತರ ಇರುತ್ತೆ ನೋಡು, ಅದು. ಒತ್ತಿದಾಗ ಅದು ಕಣ್ಣಿಗೆ ಕಾಣಲ್ಲ, ಬೇರಿಗೆ ಮಾತ್ರ ಕಾಣುತ್ತೆ. ಕಪ್ಪು ಬೇಕಾದ ಕಡೆ ಕರೀ ಮಡಕೆ ನೀರು. ಆ ಕರೀ ಮಡಕೆ ಹಿತ್ತಿಲ ಮೂಲೇಲಿ ಇರೋದು, ಅದರೊಳಗೆ ಬೆಲ್ಲದ ನೀರು, ನೀರೊಳಗೆ ಹಳೇ ಲಾಳ, ಮುರುಕು ಕುಡುಗೋಲು, ತುಕ್ಕು ಮೊಳೆ. ಎಲ್ಲಾ ಹುಳಿ ಬಂದು, ಕಬ್ಬಿಣ ಕರಗಿ, ಮೇಲೆ ನೊರೆ ಕಟ್ಟೋದು.

ಆ ಲಾಳ ಎಲ್ಲಿಗೆ ಹೋಗುತ್ತೆ ಅತ್ತೆ ಅಂತ ಸಂಜೀವಿ ಕೇಳಿದ್ಲು.

ಎಲ್ಲೂ ಹೋಗಲ್ಲ ಹುಡುಗಿ, ಅಂದ್ಲಂತೆ ಹೊಂಬಾಳಮ್ಮ. ಮಡಕೇಲಿ ಕರಗಿದ್ದು ಬಟ್ಟೇಲಿ ಗೆರೆಯಾಗಿ ಕೂತ್ಕೊಳ್ಳುತ್ತೆ. ಬಟ್ಟೆ ಹರಿದು ಚಿಂದಿ ಆದ್ರೂ ಕಬ್ಬಿಣ ಅದರಲ್ಲೇ ಇರುತ್ತೆ. ಆದ್ರೆ ಒಂದು ನೆನಪಿಟ್ಕೋ, ಗೆರೆಯಾಗಿ ಕೂತದ್ದು ಕದಲಲ್ಲ, ಬಿಡಿ ಕಬ್ಬಿಣ ಮಾತ್ರ ಕೆಂಪಿನ ಹತ್ರ ಸುಳೀಬಾರದು, ಕೆಂಪಿನ ಮುಖ ಕಪ್ಪಿಡುತ್ತೆ. ಅದಕ್ಕೇ ತಾಮ್ರದ ಹಂಡೆ, ಅದಕ್ಕೇ ಮರದ ಸೌಟು.

ಇಷ್ಟಾದ ಮೇಲೆ ಅತ್ತೆ ಕಿರಿಕಿರಿ ಶುರುವಾಯ್ತು. ಅಂಚಿನ ಅಚ್ಚು ಒತ್ತೋದೇನೋ ಸುಲಭ, ಸಾಲಾಗಿ ಒತ್ಕೊಂಡು ಹೋಗೋದು. ಮೂಲೆ ಬಂತು ಅಂದ್ರೆ ಅಚ್ಚು ತಿರುಗಿಸಬೇಕು, ಆ ಗೆರೆ ಬಂದು ಈ ಗೆರೆಗೆ ಕೂಡಬೇಕು. ಹೊಸಬರ ಕೈಲಿ ಅದು ಕೂಡಲ್ಲ, ಸಂದು ಬಿಟ್ಟೇ ಬಿಡುತ್ತೆ. ಮೂಲೆ ಕೂಡಿಸೇ, ಮೂಲೆ, ಮೂಲೆ ಅಂತ ಹೊಂಬಾಳಮ್ಮ ಬೆಳಗಿಂದ ಸಾಯಂಕಾಲದ ತನಕ ಒದರೋಳು. ಮೂಲೆ ಕೂಡದ ಅಂಚು ಅಂದ್ರೆ ಬಾಗಿಲು ಹಾಕದ ಮನೆ, ನಾಯಿ ನರಿ ಎಲ್ಲಾ ಬರುತ್ತೆ. ಒತ್ತಿದ ಮೇಲೆ ಕೈ ಅಲ್ಲಾಡಿಸಬೇಡ, ಗೆರೆ ಕೆಡುತ್ತೆ, ಬಣ್ಣ ಕೂತ್ಕೊಳ್ಳೋ ತನಕ ಅದುಮಿ ಹಿಡಿ. ಸಂಜೀವಿ ನಿದ್ದೇಲೂ ಮೂಲೆ ಮೂಲೆ ಅಂತ ಕನವರಿಸೋಳಂತೆ, ಚೆನ್ನಿಗ ಎದ್ದು ಕೂತು ನಗೋನಂತೆ.

ಆಮೇಲೆ ಅವಳು ಮೊದಲನೇ ಸೀರೆಗೆ ಕೈ ಹಾಕಿದ್ಲು. ಪಟಿಕ ಅರೆದು, ಹುಣಸೆಬೀಜದ ಗಂಜಿ ಸೇರಿಸಿ, ಗಂಟಿಲ್ಲದಂಗೆ ಕೈಯಲ್ಲೇ ಕಲಸಿದ್ಲು, ಮೊಣಕೈ ತನಕ ಗಂಜಿ ಮಾಡ್ಕೊಂಡು. ಕಬ್ಬಿಣ ಸುಳೀಬಾರದು ಅಂತ ನೆನಪಿತ್ತು, ಸೊಂಟದಲ್ಲಿದ್ದ ಸಣ್ಣ ಚೂರಿ ತೆಗೆದಿಟ್ಲು, ಬೀಗದಕೈ ತೆಗೆದಿಟ್ಲು. ಬಳೆ ತೆಗೀಲಿಲ್ಲ. ಮರೆತಿದ್ದಲ್ಲ, ನೆನಪಾಗೋದು ಹೆಂಗೆ? ಹುಟ್ಟಿದಾಗಿಂದ ಕೈಯಲ್ಲಿರೋದು ಕೈಯೇ ಆಗಿಬಿಟ್ಟಿರುತ್ತೆ. ನನ್ನ ಮೂಗುಬಟ್ಟು ನನಗೆ ಗೊತ್ತಾಗುತ್ತಾ, ಹಂಗೆ.

ಅಚ್ಚೊತ್ತಿ, ಜಾಲಿಸಿ, ಹಂಡೆಗೆ ಇಳಿಸಿದ್ಲು. ಹೂ ಎದ್ವು. ಆದ್ರೆ ಕೆಂಪಲ್ಲ. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಬಾಡಿದ ನೇರಳೆಹಣ್ಣಿನ ಬಣ್ಣ, ಒಂದೊಂದು ಹೂವಂತೂ ಕಮರಿದಂಗೆ. ಸರಿ, ಹೊಳೆವ್ವ ಏನಂತಾಳೋ ನೋಡೋಣ ಅಂತ ನೀರಿಗೆ ಬಿಟ್ರು. ಸೀರೆ ಸರ್ರ್ ಅಂತ ಬಂದು, ಬಂಡೆ ಪಕ್ಕದಲ್ಲೇ ಹಾದು, ತಿರುಗಿಯೂ ನೋಡದೆ ಹೋಗಿಬಿಡ್ತಂತೆ.

ಬೇರು ಹಳೇದಾಗಿತ್ತೇನೋ ಅಂತ ಸಂಜೀವಿ ಸಣ್ಣ ದನಿಯಲ್ಲಿ ಅಂದ್ಲು. ನಡುವಿನ ಓರಗಿತ್ತಿ ಬಿಡ್ತಾಳಾ, ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಮೂತಿ ತಿರುಗಿಸಿದ್ಲು. ಸಂಜೀವಿ ಮಾರನೇ ದಿನ ಗಂಡನ್ನ ಕರ್ಕೊಂಡು ಕಾಡಿಗೆ ಹೋಗಿ, ಮುಳ್ಳು ಗೀರಿಸ್ಕೊಂಡು, ನೆಲ ಬಗೆದು ಹಸೀ ಬೇರು ತಂದ್ಲು. ತಾನೇ ಒಣಗಿಸಿ ತಾನೇ ಕುಟ್ಟಿದ್ಲು. ಈ ಸಲ ಗಂಜಿ ಇನ್ನೂ ಚೆನ್ನಾಗಿ ಬರಲಿ ಅಂತ ಇನ್ನೂ ಹೊತ್ತು ಕಲಸಿದ್ಲು, ಪಾಪ. ಎಷ್ಟು ಹೊತ್ತು ಕಲಸಿದ್ಲೋ ಅಷ್ಟೂ ಕೆಟ್ಟಿತು. ಎರಡನೇ ಸೀರೆ ಹಂಡೆಯಿಂದ ಎದ್ದಾಗ ಮೊದಲನೇದಕ್ಕಿಂತ ಕಪ್ಪು. ಹೊಳೆವ್ವ ಅದನ್ನ ಕಣ್ಣೆತ್ತಿಯೂ ನೋಡಲಿಲ್ಲ, ಮಡುವಿನ ಹತ್ರಾನೇ ಸುಳಿಗೆ ಎಳೆದು ಮುಳುಗಿಸಿಬಿಟ್ಟಳು.

ಊರೋರು ಪಿಸುಪಿಸು ಅನ್ನೋಕೆ ಶುರು ಮಾಡಿದ್ರು, ಹುಡುಗಿ ಕಾಲ್ಗುಣ ಸರಿ ಇಲ್ಲ ಅಂತ. ದೊಡ್ಡ ಓರಗಿತ್ತಿ ಹಂಡೆಯಲ್ಲೂ ಅದೇ ವಾರ ಕೆಂಪು ಮಂಕಾಯ್ತು, ಯಾಕೆ ಅಂದ್ರೆ ಮಿಕ್ಕ ಗಂಜಿ ಅವಳೂ ಬಳಸಿದ್ಲಲ್ಲ. ಹೊಂಬಾಳಮ್ಮನ ಮುಖ ಕಲ್ಲಾಯ್ತು. ಸಂಜೀವಿ ತವರಿಂದ ತಂದಿದ್ದ ಎರಡು ಸೀರೆ ಮಡಚಿ ಗಂಟು ಕಟ್ಟಿಟ್ಟಳು. ಮೂರನೇ ಸಲಾನೂ ಹಿಂಗೇ ಆದ್ರೆ ಯಾರ ಕೈಲೂ ಹೋಗು ಅನ್ನಿಸ್ಕೊಳ್ಳೋದು ಬೇಡ ಅಂತ.

ಒಂದಿನ ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತಾ ಕೂತಿದ್ದಾಗ ಬಳೆಗೆ ಸುತ್ತಿದ್ದ ದಾರ ಹರಿದು ಕೈಗೆ ಬಂತು. ನೋಡ್ತಾಳೆ, ಅರಿಶಿನದ ದಾರ ಅಲ್ಲ ಅದು, ಕರ್ರಗೆ ಕಾಡಿಗೆ ಆಗಿದೆ. ಬಳೆ ನೋಡ್ತಾಳೆ, ಕಿರುಬೆರಳಷ್ಟು ದಪ್ಪ ಇದ್ದದ್ದು ದರ್ಭೆಕಡ್ಡಿಯಷ್ಟು ತೆಳ್ಳಗಾಗಿದೆ, ಯಾರೋ ನೆಕ್ಕಿದಂಗೆ ಅಲ್ಲಲ್ಲಿ ತಗ್ಗು. ಪಕ್ಕದಲ್ಲೇ ಕರೀ ಮಡಕೆ. ಅದರೊಳಗೆ ಹಿಂಗೇ ನೆಕ್ಕಿಸಿಕೊಂಡ ಲಾಳ ಕಾಣ್ತಾ ಇತ್ತು. ಸಂಜೀವಿ ಬಳೆ ನೋಡಿದ್ಲು, ಲಾಳ ನೋಡಿದ್ಲು, ಮತ್ತೆ ಬಳೆ ನೋಡಿದ್ಲು. ಪಟಿಕದ ಹುಳಿ ಗಂಜಿ ಬಳೆ ತಿಂದಿದೆ. ಬಳೆ ಗಂಜೀಲಿ ಕರಗಿದೆ. ಕೆಂಪು ಕೆಡಿಸಿದ್ದು ಬೇರೂ ಅಲ್ಲ, ನೀರೂ ಅಲ್ಲ, ಅಮ್ಮ ಕಾಪಾಡಲಿ ಅಂತ ಹಾಕಿದ್ದ ಬಳೆ.

ಈಗ ಏನು ಮಾಡ್ತಾಳೆ ಹೇಳು. ಬಳೆ ಇಟ್ಕೊಂಡ್ರೆ ಮನೆ ಇಲ್ಲ. ಬಳೆ ತೆಗೆದ್ರೆ ಜೀವ ಇಲ್ಲ. ಚೆನ್ನಿಗನಿಗೆ ಹೇಳೋಣ ಅಂದ್ರೆ ಹೇಳ್ಬೇಡ ಅಂದಿದ್ಲು ಅಮ್ಮ. ಅವತ್ತೆಲ್ಲ ಅವಳು ಅನ್ನ ಮುಟ್ಟಲಿಲ್ಲ. ಆಮೇಲೆ ಎದ್ದಳು, ಸೀದಾ ಅತ್ತೆ ಹತ್ರ ಹೋಗಿ ಕೈ ಮುಂದೆ ಚಾಚಿ ಎಲ್ಲಾ ಹೇಳಿಬಿಟ್ಟಳು, ತೊಟ್ಟಿಲಲ್ಲಿ ಹೋದ ಎರಡು ಮಕ್ಕಳದ್ದೂ, ಕುಲುಮೆದ್ದೂ, ಜವರಾಯನದ್ದೂ.

ಹೊಂಬಾಳಮ್ಮ ಆ ಬಳೇನ ಮುಟ್ಟಿ ನೋಡಿದ್ಲಂತೆ. ಇವಳು ಬೈಯ್ತಾಳೆ ಅಂತ ಸಂಜೀವಿ ಕಣ್ಣು ಮುಚ್ಕೊಂಡ್ಲು. ಹೊಂಬಾಳಮ್ಮ ಬೈಯಲಿಲ್ಲ. ಹೆತ್ತ ಒಡಲು ಇಷ್ಟೆಲ್ಲ ಮಾಡಿದೆಯಲ್ಲೇ ಅಂತ ಮೂಗು ಒರೆಸ್ಕೊಂಡ್ಲು. ಆಮೇಲೆ, ಮೊದಲೇ ಹೇಳೋಕೆ ಏನಾಗಿತ್ತು ನಿನಗೆ ದರಿದ್ರದೋಳೆ, ಎರಡು ಸೀರೆ ಬಟ್ಟೆ ಹಾಳು ಅಂತ ಬೈದ್ಲು ಅನ್ನು. ಅತ್ತೆ ಅಂದ ಮೇಲೆ ಬೈಯದೇ ಇರೋಕಾಗುತ್ತಾ.

ಸಂಜೀವಿ ತಲೆ ಎತ್ತಿ ಕೇಳಿದ್ಲು. ಅತ್ತೆ, ಕಬ್ಬಿಣ ಎಲ್ಲೂ ಹೋಗಲ್ಲ ಅಂದಿದ್ರಲ್ಲ, ನಿಜವಾ?

ನಿಜ ಕಣೇ.

ಮಡಕೇಲಿ ಕರಗಿದ್ರೂ?

ಕರಗಿದ್ರೂ.

ಹಂಗಾದ್ರೆ ಈ ಬಳೇನ ಕರೀ ಮಡಕೆಗೆ ಹಾಕ್ತೀನಿ. ಕೈಯಲ್ಲಿ ಸುತ್ತಿದ್ದು ಸೀರೆ ಸುತ್ತ ಇರಲಿ. ಕೆಂಪಿನ ಗಂಜಿಗೆ ಬರೀಗೈಲಿ ಇಳೀತೀನಿ.

ಹೊಂಬಾಳಮ್ಮ ಅವಳ ಮುಖಾನೇ ನೋಡಿದ್ಲು. ಎಷ್ಟೋ ತಲೆಮಾರಿಂದ ಕರೀ ಗೆರೆ ಎಳೀತಿದ್ದೀವಿ, ಇದು ನಮಗ್ಯಾರಿಗೂ ಹೊಳೀಲಿಲ್ಲವಲ್ಲ ಅಂತ ಅವಳಿಗೆ ಮೈ ಜುಮ್ ಅಂತಂತೆ. ಅತ್ತೇನೇ ತನ್ನ ಕೈಯಾರೆ ಬಳೆ ಬಾಯಿ ಹಿಗ್ಗಿಸಿ ಬಿಡಿಸಿದ್ಲು. ಮಡಕೆಗೆ ಹಾಕಿದಾಗ ಬುಳುಕ್ ಅಂತ ಒಂದು ಸದ್ದು, ಅಷ್ಟೇ. ಸಂಜೀವಿ ಮಣಿಕಟ್ಟಿನಲ್ಲಿ ಬಿಸಿಲೇ ಕಾಣದ ಒಂದು ಬಿಳೀ ಪಟ್ಟಿ ಉಳಿದಿತ್ತು. ಬಳೆ ಕರಗೋ ತನಕ ಮಡಕೆ ಬಿಟ್ಟು ಅಲ್ಲಾಡಬೇಡ, ಅದರ ತುಂಬ ಕಬ್ಬಿಣ ಇದೆ, ಜವರಾಯ ಹತ್ರ ಬರಲ್ಲ ಅಂದ್ಲು ಅತ್ತೆ. ಊಟಾನೂ ಅಲ್ಲಿಗೇ, ನಿದ್ದೇನೂ ಅಲ್ಲೇ. ಚೆನ್ನಿಗ ಅಲ್ಲೇ ಒಂದು ಚಪ್ಪರ ಹಾಕಿಕೊಟ್ಟನಂತೆ. ಓರಗಿತ್ತೀರು ಮಡಕೆಗೆ ಇವಳು ಮೊಲೆ ಕೊಡೋದೊಂದು ಬಾಕಿ ಅಂತ ಆಡ್ಕೊಂಡ್ರು, ಆಡ್ಕೊಳ್ಳಲಿ ಬಿಡು.

ಹುಳಿ ಬಂತು, ನೊರೆ ಎದ್ದಿತು, ಬಳೆ ಪೂರ್ತಿ ಕರಗಿತು. ಸಂಜೀವಿ ಸೀರೆ ಹಾಸಿ ಮೊದಲು ಕರೀ ಅಂಚು ಒತ್ತಿದ್ಲು. ಅಳಲೆಕಾಯಿ ನೀರು ಕುಡಿದ ಬಟ್ಟೆ ಮೇಲೆ ಆ ಮಾಸಲು ನೀರು ಬಿದ್ದಿದ್ದೇ ತಡ, ಕಣ್ಣೆದುರಿಗೇ ಕಪ್ಪಾಯ್ತು. ಒಂದೊಂದು ಗುದ್ದಿಗೂ ಅಮ್ಮಾ ಅಂದ್ಕೊಂಡು ಒತ್ತಿದ್ಲು. ಒಂದು ಮೂಲೆ ಕೂಡಿತು. ಎರಡನೇದು ಕೂಡಿತು. ಮೂರನೇದೂ ಕೂಡಿತು. ನಾಲ್ಕನೇ ಮೂಲೆಗೆ ಬಂದಾಗ ಬರಿದಾದ ಮಣಿಕಟ್ಟು ಕಣ್ಣಿಗೆ ಬಿತ್ತು, ಅಚ್ಚು ಒಂಚೂರು ಜಾರಿತು. ಎಳ್ಳುಕಾಳಿನಷ್ಟು ಸಂದು ಉಳೀತು. ಅವಳಿಗೂ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ. ಆಮೇಲೆ ಬರೀಗೈಲಿ ಪಟಿಕದ ಗಂಜಿ ಕಲಸಿ ಹೂ ಒತ್ತಿದ್ಲು, ಒಣಗಿಸಿ, ಜಾಲಿಸಿ, ಹಂಡೆಗೆ ಇಳಿಸಿದ್ಲು.

ಅಬ್ಬಬ್ಬಾ, ಆ ಕೆಂಪು! ಆ ಮನೇಲಿ ಹುಟ್ಟಿ ಮುದುಕರಾದೋರೂ ಅಂಥ ಕೆಂಪು ನೋಡಿರಲಿಲ್ವಂತೆ. ಹೊತ್ತು ಹುಟ್ಟೋ ಕಡೆ ಬಾಗಿಲು ತೆಗೆದಂಗೆ ಇತ್ತಂತೆ. ಸುತ್ತಲೂ ಕರೀ ಗೆರೆ, ಒಳಗೆ ಕೆಂಪು ಹೂ. ನಡುವಿನ ಓರಗಿತ್ತಿ ಮೆಲ್ಲಗೆ ಬಂದು ಸಂಜೀವಿ ಕೈ ಹಿಡ್ಕೊಂಡ್ಲು.

ಮಡುವಿನ ಹತ್ರ ಸೀರೆ ಬಿಟ್ರು. ಅದು ತೇಲಿ ಬರ್ತಾ ಇದ್ರೆ ಹೊಳೆ ಸದ್ದೇ ಇಲ್ಲದಂಗಾಯ್ತಂತೆ. ಆತುರ ಇಲ್ಲ, ಒಬ್ಬ ಹೆಂಗಸು ಹೊಸ ಸೀರೆ ಉಟ್ಟು ನಿರಿಗೆ ನೋಡ್ಕೋತಾ ನಡೆದು ಬರೋ ಹಂಗೆ ಬಂತು. ಬಂಡೆ ಹತ್ರ ಬಂದು ನಿಂತಿತು. ಅಲೆ ಬಂದ್ರೂ ಅಲ್ಲಾಡಲಿಲ್ಲ. ಉಟ್ಟು ಕೊಟ್ಟಳು, ಹೊಳೆವ್ವ ಉಟ್ಟು ಕೊಟ್ಟಳು ಅಂತ ಚೆನ್ನಿಗ ಕೂಗಿದ ಕೂಗಿಗೆ ಆಚೆ ದಡದ ಕೊಕ್ಕರೆಗಳೆಲ್ಲ ಹಾರಿಹೋದ್ವಂತೆ.

ಇಲ್ಲಿಗೇ ಮುಗೀತು ಅಂದ್ಕೊಂಡ್ಯಾ? ತಡಿ. ಹೂಂ ಅನ್ನೋದು ಯಾಕೆ ನಿಲ್ಲಿಸ್ದೆ?

ಸೀರೆ ಮರಳ ಮೇಲೆ ಹರಡಿದ್ರು. ಬಿಸಿಲಿಗೆ ಕೆಂಪು ಗಟ್ಟಿ ಆಗ್ಬೇಕು, ಮಧ್ಯೆ ಮಧ್ಯೆ ನೀರು ಚಿಮುಕಿಸ್ತಿರಬೇಕು. ಎಲ್ಲರೂ ಊಟಕ್ಕೆ ಹೊಂಗೆಮರದ ನೆರಳಿಗೆ ಹೋದ್ರು, ಸಂಜೀವಿ ಒಬ್ಬಳೇ ನೀರು ಚಿಮುಕಿಸ್ತಾ ಉಳಿದ್ಲು. ಮಟಮಟ ಮಧ್ಯಾಹ್ನ. ಇದ್ದಕ್ಕಿದ್ದಂಗೆ ಹಕ್ಕಿ ಸದ್ದು ನಿಂತಿತು. ತಲೆ ಎತ್ತಿ ನೋಡ್ತಾಳೆ, ಆ ಉರಿಬಿಸಿಲಲ್ಲಿ ಕರೀ ಕಂಬಳಿ ಹೊದ್ದ ಒಬ್ಬ ಎತ್ತರದ ಮನುಷ್ಯ ಮರಳ ಮೇಲೆ ನಡೆದು ಬರ್ತಿದ್ದಾನೆ. ನೆರಳಿಲ್ಲ. ಹಿಂದೆ ಹೆಜ್ಜೆ ಗುರುತೂ ಇಲ್ಲ.

ಸಂಜೀವೀ, ಬಾಮ್ಮ ಅಂದನಂತೆ. ದನಿ ಒರಟೇನೂ ಅಲ್ಲ, ತವರಿಗೆ ಕರೆಯೋಕೆ ಬಂದ ಅಣ್ಣನ ದನಿ ಇದ್ದಂಗೆ ಇತ್ತು. ನಿನ್ನ ಹಿಂದಿನ ಎರಡು ಕೂಸನ್ನೂ ಎತ್ಕೊಂಡು ಹೋದೋನು ನಾನೇ. ನಿನ್ನನ್ನೂ ಎತ್ಕೊಳ್ಳೋಕೆ ಬಂದಿದ್ದೆ, ನಿಮ್ಮಮ್ಮ ಕೈಗೆ ಕಬ್ಬಿಣ ಹಾಕಿದ್ಲು, ಬಾಗಿಲಿಂದಲೇ ಹಿಂದಕ್ಕೆ ಹೋದೆ. ಅವತ್ತಿಂದ ಕಾಯ್ತಿದ್ದೀನಿ. ಈಗ ಕೈ ಬರಿದಾಗಿದೆ ನೋಡು.

ಕಬ್ಬಿಣ ಎಲ್ಲೂ ಹೋಗಿಲ್ಲ ಸ್ವಾಮಿ ಅಂದ್ಲು ಸಂಜೀವಿ. ಅಂದು, ಹೊಳೆವ್ವ ಉಟ್ಟ ಸೀರೆ ಮೇಲೆ ಕಾಲಿಡೋದು ಹೆಂಗೆ ಅಂತ ಒಂದು ಗಳಿಗೆ ತಡೆದ್ಲು, ಆಮೇಲೆ ತಾಯಿ ಮಡಿಲಿಗೆ ಕೂಸು ಹತ್ತಿದ್ರೆ ತಪ್ಪಿಲ್ಲ ಅಂದ್ಕೊಂಡು ಸೀರೆ ನಡುವೆ ಹೋಗಿ ಮುದುಡಿ ಕೂತ್ಲು.

ಜವರಾಯ ಮುಂದಕ್ಕೆ ಕಾಲಿಟ್ಟ. ಕರೀ ಗೆರೆ ಹತ್ರ ಬಂದು ಕಾಲು ನಿಂತಿತು. ಬಗ್ಗಿ ಮೂಸಿ ನೋಡಿದ. ಕಬ್ಬಿಣ! ಕುಲುಮೆ ವಾಸನೆ, ಬಾಣಂತಿ ವಾಸನೆ, ಅದೇ ಬಳೆ. ಅವನು ಲೋಕ ಹುಟ್ಟಿದಾಗಿಂದ ಎಷ್ಟೋ ಬಾಗಿಲು ನೋಡಿದೋನು, ಗೆರೆಯಾಗಿ ಮಲಗಿದ ಬಾಗಿಲು ನೋಡಿರಲಿಲ್ಲ. ಭಲೇ ಅಂದ. ಆಮೇಲೆ ಗೆರೆ ಪಕ್ಕದಲ್ಲೇ ನಡೆಯೋಕೆ ಶುರು ಮಾಡಿದ, ಎಲ್ಲಾದ್ರೂ ಸಂದಿದೆಯಾ ಅಂತ. ಒಂದನೇ ಮೂಲೆ, ಕೂಡಿತ್ತು. ಎರಡನೇ ಮೂಲೆ, ಕೂಡಿತ್ತು. ಮೂರನೇ ಮೂಲೆ, ಕೂಡಿತ್ತು. ನಾಲ್ಕನೇ ಮೂಲೆ ಹತ್ರ ಬಂದು ನಿಂತ, ಬಗ್ಗಿದ, ನಕ್ಕ. ಎಳ್ಳುಕಾಳಿನಷ್ಟು ಸಂದು. ಅವನಿಗೆ ಅಷ್ಟು ಸಾಕಲ್ಲ. ಕಂಬಳಿ ಸಮೇತ ಸಣ್ಣಗಾದ, ಇನ್ನೂ ಸಣ್ಣಗಾದ, ಇರುವೆಯಷ್ಟಾದ. ಆಗ ಸಂಜೀವಿ ಕಣ್ಣಿಗೂ ಆ ಸಂದು ಬಿತ್ತು. ಮೂಲೆ, ಮೂಲೆ ಅಂತ ಅತ್ತೆ ಕೂಗೋದು ಕಿವಿಯಲ್ಲಿ ಕೇಳಿಸ್ತು. ಮೈ ಮರಗಟ್ಟಿಹೋಗಿತ್ತು, ಎದ್ದು ಹೋಗಿ ಮುಚ್ಚೋಕೂ ಆಗಲಿಲ್ಲ.

ಅಷ್ಟೊತ್ತಿಗೆ ಹೊಂಬಾಳಮ್ಮ ಸೊಸೆಗೆ ಬುತ್ತಿ ತರ್ತಾ ಇದ್ದಳು. ಬೇರೆಯೋರಿಗೆ ಜವರಾಯ ಕಾಣಲ್ಲ, ಮುದುಕೀರಿಗೆ ಕಾಣ್ತಾನೆ, ದಿನಾ ಅವನ ದಾರೀನೇ ನೋಡ್ತಿರ್ತೀವಲ್ಲ. ಕಂಡಳು. ಬುತ್ತಿ ಕೈಬಿಟ್ಟಳು. ಸೀರೆ ಮೇಲೆತ್ತಿ ಕಟ್ಟಿ, ಆ ವಯಸ್ಸಲ್ಲಿ ಮರಳ ಮೇಲೆ ಓಡಿ ಬಂದು, ಮಂಡಿ ಊರಿ, ನಾಲ್ಕನೇ ಮೂಲೆ ಮೇಲೆ ತನ್ನ ಬಲಗೈ ಢಬ್ ಅಂತ ಗುದ್ದಿಬಿಟ್ಟಳು, ಅಚ್ಚು ಗುದ್ದಿದ ಹಂಗೇ.

ಕೈ ತೆಗಿ ಮುದುಕಿ ಅಂದ ಜವರಾಯ, ಮತ್ತೆ ಮನುಷ್ಯನಷ್ಟಾಗಿ.

ತೆಗೆಯಲ್ಲ, ಮೂಲೆ ಕೂಡಿಸ್ತಿದ್ದೀನಿ. ಒತ್ತಿದ ಮೇಲೆ ಕೈ ಅಲ್ಲಾಡಿಸಬಾರದು, ಗೆರೆ ಕೆಡುತ್ತೆ.

ನಿನ್ನನ್ನೇ ಕರ್ಕೊಂಡು ಹೋಗ್ತೀನಿ.

ಬರ್ತೀನಿ, ನಾನೇನು ಬರಲ್ಲ ಅಂದ್ನಾ? ಬಣ್ಣ ಕೂತ್ಕೊಳ್ಳಲಿ, ತಡಿ.

ಜವರಾಯ ಬಗ್ಗಿ ಆ ಕೈ ನೋಡಿದ. ಮಣಿಕಟ್ಟಿನ ತನಕ ಕಪ್ಪು. ಮದುವಣಗಿತ್ತಿಯಾಗಿ ಬಂದಾಗಿಂದ ಅದರೊಳಗೆ ಇಳಿದ ಲಾಳ ಎಷ್ಟು, ಕುಡುಗೋಲು ಎಷ್ಟು, ಮೊಳೆ ಎಷ್ಟು. ಒಂದು ಬಳೆ ಅಲ್ಲ, ಒಂದು ಕುಲುಮೇನೇ ಆ ಅಂಗೈಲಿ ಇತ್ತು. ಊರ ಮಕ್ಕಳೆಲ್ಲ ನೋಡಿ ಹೆದರೋ ಕೈ ನೋಡಿ ಜವರಾಯ ಎರಡು ಹೆಜ್ಜೆ ಹಿಂದಕ್ಕೆ ಇಟ್ಟನಂತೆ. ಆಮೇಲೆ ಹೊದ್ದಿದ್ದ ಕಂಬಳಿ ತಲೆಯಿಂದ ಜಾರಿಸಿದ. ಅಂದ್ರೆ ಏನು ಗೊತ್ತಾ, ದೊಡ್ಡೋರ ಮುಂದೆ ನಿಂತಾಗ ಮುಸುಕು ತೆಗೀತಾರಲ್ಲ, ಹಂಗೆ.

ಸರಿ ತಾಯಿ, ಈ ಬಣ್ಣ ಮಾಸಿದ ದಿನ ಬರ್ತೀನಿ ಅಂದ.

ಆಗಲಿ, ಮಾಸಿದ ದಿನ ಬಾ ಅಂದ್ಲು ಹೊಂಬಾಳಮ್ಮ.

ಮಾತು ಕೊಟ್ಟ ಮೇಲೆ ಜವರಾಯ ತಪ್ಪೋನಲ್ಲ. ಅವನು ಹೊರಟುಹೋದ, ಹಕ್ಕಿಗಳು ಕೂಗಿದ್ವು, ಹೊಳೆ ಮತ್ತೆ ಸದ್ದು ಮಾಡಿತು, ನಕ್ಕಿತು ಅಂತಾನೇ ಹೇಳ್ತಾರೆ. ಯಾಕೆ ಅಂದ್ರೆ ಅಚ್ಚಿನ ಮನೆ ಕಪ್ಪು ಮಾಸೋದೇ ಇಲ್ಲ, ಪಾಪ, ಜವರಾಯನಿಗೆ ಆ ಕಸುಬು ಗೊತ್ತಿರಲಿಲ್ಲ. ಹೊಂಬಾಳಮ್ಮ ಕೈ ತೆಗೆದಳು. ಬೆಳಿಗ್ಗೆ ಕರೀ ಮಡಕೆ ಕದಡಿದ್ದ ಕೈ ಅದು, ಹಸೀ ಕಪ್ಪು ಇನ್ನೂ ಇತ್ತು. ಸೀರೆ ಮೂಲೇಲಿ ಐದು ಬೆರಳೂ ಮೂಡಿದ್ವು. ಅಯ್ಯೋ ಸೀರೆ ಕೆಟ್ಟಿತಲ್ಲೇ ಅಂದ್ಲು ಅತ್ತೆ. ಸಂಜೀವಿ ಆ ಕೈ ಹಿಡ್ಕೊಂಡು ಕಣ್ಣಿಗೊತ್ಕೊಂಡು ಹೋ ಅಂತ ಅತ್ತಳು, ಅವಳ ಮುಖ ಎಲ್ಲಾ ಕಪ್ಪಾಯ್ತು. ಅದನ್ನ ನೋಡಿ ಇಬ್ಬರೂ ನಕ್ಕರು. ಮರಳಲ್ಲಿ ಬಿದ್ದಿದ್ದ ಮುದ್ದೇನ ಝಾಡಿಸಿ ಇಬ್ಬರೂ ಹಂಚ್ಕೊಂಡು ತಿಂದ್ರಂತೆ.

ಆಮೇಲೆ ಸಂಜೀವಿ ಆ ಸೀರೆ ಉಟ್ಟು ಅಚ್ಚು ಹಿಡಿದ್ಲು. ಮೂರು ಮಕ್ಕಳನ್ನ ಹೆತ್ತಳು, ಮೂರೂ ಬೆಳೆದು ದೊಡ್ಡವಾದ್ವು, ಒಂದಕ್ಕೂ ತೊಟ್ಟಿಲಲ್ಲಿ ಕಣ್ಣು ತಗುಲಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಹೊಂಬಾಳಮ್ಮ ಮೊಮ್ಮಕ್ಕಳ ಮಕ್ಕಳನ್ನ ನೋಡಿ, ಸಾಕಪ್ಪಾ ಬಾ ಅಂತ ತಾನೇ ಜವರಾಯನ್ನ ಕರೆದು ಹೋದ್ಲು. ಅಷ್ಟೊತ್ತಿಗೆ ಸಂಜೀವಿ ಬಲಗೈ ಮಣಿಕಟ್ಟಿನ ತನಕ ಕಪ್ಪಾಗಿತ್ತು. ಬಳೆ ಇದ್ದ ಬಿಳೀ ಪಟ್ಟಿ ಎಲ್ಲಿ ಅಂತ ಹುಡುಕಿದ್ರೂ ಸಿಗ್ತಿರಲಿಲ್ಲ.

ಅವತ್ತಿಂದ ಆ ಮನೇಲಿ ಕೂಸು ಹುಟ್ಟಿದ್ರೆ ಒಂದು ಬಟ್ಟೆಗೆ ಕರೀ ಅಂಚು ಒತ್ತುತಾರೆ. ಮೂರು ಮೂಲೆ ಕೂಡಿಸ್ತಾರೆ. ನಾಲ್ಕನೇದು ಬೇಕಂತಲೇ ಹಂಗೇ ಬಿಡ್ತಾರೆ, ಮನೇಲಿ ಎಲ್ಲರಿಗಿಂತ ಹಿರೀ ಹೆಂಗಸು ಬಂದು ಕೈ ಇಡಲಿ ಅಂತ. ಆ ಬಟ್ಟೇನೇ ಆಮೇಲೆ ಕೌದಿಗೆ ಸೇರಿಸಿ ಹೊಲಿಯೋದು.

ಎಲ್ಲಿ, ನಿನ್ನ ಕೌದಿ ನಾಲ್ಕನೇ ಮೂಲೆ ಮುಟ್ಟಿ ನೋಡು. ಕಾಲ ಹತ್ರ. ಅಲ್ಲಿ ಗೆರೆ ಇಲ್ಲ ಅಲ್ವಾ, ಅಂಗೈ ಇದೆ. ಕಿರುಬೆರಳು ಒಂಚೂರು ಸೊಟ್ಟ ಇದೆ ಅಲ್ವಾ? ಈಗ ನನ್ನ ಕೈ ನೋಡು.

ಹೂಂ. ಕಾಲು ಒಳಗೆ ಎಳ್ಕೋ, ಅಂಚು ದಾಟಬಾರದು. ಗೆರೆ ಕೂಡಿತು, ಕತೆ ಮುಗೀತು. ಕಣ್ಣು ಮುಚ್ಚು ನನ್ನ ಕಂದ, ನಾನು ಇಲ್ಲೇ ಇದ್ದೀನಿ.